ಮೊದಲ ಉಸಿರಿನ ತೂಬು ತೆರೆಯದಿದ್ದಾಗ



"ಫಾದರ್, ಈಗಲೇ ಜ್ಞಾನಸ್ನಾನ ಕೊಟ್ಟುಬಿಟ್ಟರೆ ಮಗುವಿನ ಆಸೆ ಬಿಟ್ಟ ಹಾಗೆ ಆಗೋದಿಲ್ಲವಾ?" ಆಸ್ಪತ್ರೆಯ ನವಜಾತ ಶಿಶು ಘಟಕದ ಬಾಗಿಲಲ್ಲಿ ಈ ಪ್ರಶ್ನೆಯನ್ನು ನನಗೆ ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದಾರೆ. ಕೇಳಿದವರು ವಿಶ್ವಾಸವಿಲ್ಲದವರಲ್ಲ. ಪ್ರತಿ ಭಾನುವಾರ ಪೂಜೆಗೆ ಬರುವವರು, ಮನೆಯಲ್ಲಿ ಜಪಸರ ತಪ್ಪಿಸದವರು. ಅವರ ಭಯ ನನಗೆ ಅರ್ಥವಾಗುತ್ತದೆ. ಗುರುಗಳು ಆಸ್ಪತ್ರೆಗೆ ಬಂದರೆಂದರೆ ಕೊನೆಗಾಲ ಬಂತು ಎಂದು ನಮ್ಮ ಜನ ತಿಳಿಯುವುದು ಇಂದು ನಿನ್ನೆಯದಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಒಂದು ಕುಟುಂಬದಲ್ಲಿ ಚೊಚ್ಚಲ ಹೆರಿಗೆಯಾಯಿತು. ತಿಂಗಳು ತುಂಬಿ ಹುಟ್ಟಿದ ಗಂಡುಮಗು, ಮೂರು ಕಿಲೋ ತೂಕ. ಹುಟ್ಟಿದಾಗ ಅತ್ತಿತು ಕೂಡ. ಆದರೆ ಒಂದೆರಡು ಗಂಟೆಗಳಲ್ಲಿ ತುಟಿ, ಉಗುರು ನೀಲಿಗಟ್ಟತೊಡಗಿದವು. ತಾಯಿಯನ್ನು ತಾಲ್ಲೂಕಿನ ಆಸ್ಪತ್ರೆಯಲ್ಲೇ ಬಿಟ್ಟು ಮಗುವನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಿದರು. ಮಧ್ಯಾಹ್ನ ಮಗುವಿನ ತಂದೆ ನನಗೆ ಫೋನ್ ಮಾಡಿದ. "ಪಿ.ಪಿ.ಎಚ್.ಎನ್. ಅಂತೆ ಫಾದರ್" ಎಂದ. ನನಗೆ ಅದರ ತಲೆಬುಡ ತಿಳಿಯಲಿಲ್ಲ. ತಿಂಗಳು ತುಂಬಿದ ಮಗು, ಒಳ್ಳೆಯ ತೂಕದ ಮಗು, ಅಂಥದ್ದೇನೂ ಆಗಲಿಕ್ಕಿಲ್ಲ ಎಂದುಕೊಂಡೆ. ಚರ್ಚಿನ ಹಬ್ಬದ ಸಮಿತಿಯ ಸಭೆಯಿತ್ತು. ಮುಗಿಸಿಕೊಂಡು ಸಂಜೆ ಬರುತ್ತೇನೆ ಎಂದೆ. ಸಭೆ ಎಂದಿನಂತೆ ಉದ್ದವಾಯಿತು. ನಾನು ಆಸ್ಪತ್ರೆ ತಲುಪಿದಾಗ ರಾತ್ರಿ ಒಂಬತ್ತೂವರೆ. ಅಷ್ಟರಲ್ಲಿ ಅಲ್ಲಿ ಏನು ನಡೆದಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ನಾಲ್ಕು ಅಕ್ಷರಗಳ ಅರ್ಥ ತಿಳಿಯೋಣ. ಅದು ನನಗೆ ಗೊತ್ತಿದ್ದಿದ್ದರೆ ಅಂದು ಸಭೆಯಿಂದ ಎದ್ದು ಹೋಗುತ್ತಿದ್ದೆ.

ಗರ್ಭದೊಳಗಿನ ನಾಲೆ

ಮರುದಿನ ಅಲ್ಲಿಯ ಮಕ್ಕಳ ವೈದ್ಯೆ ಒಂದು ಔಷಧ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ನನಗೆ ವಿವರಿಸಿದರು. ನಾನು ಅದನ್ನು ನಮ್ಮ ಹೊಲಗದ್ದೆಯ ಭಾಷೆಗೆ ತಿರುಗಿಸಿ ಹೇಳುತ್ತೇನೆ.

ತಾಯಿಯ ಗರ್ಭದಲ್ಲಿ ಮಗು ಉಸಿರಾಡುವುದಿಲ್ಲ. ಅದರ ಶ್ವಾಸಕೋಶಗಳಲ್ಲಿ ಗಾಳಿಯಿಲ್ಲ, ದ್ರವ ತುಂಬಿರುತ್ತದೆ. ಮಗುವಿಗೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ ಮಾಸಿನ ಮೂಲಕ, ಹೊಕ್ಕುಳಬಳ್ಳಿಯಲ್ಲಿ ಹರಿದು ಬರುತ್ತದೆ. ಹಾಗಿರುವಾಗ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗಿ ಪ್ರಯೋಜನವೇನು? ಇನ್ನೂ ಬಿತ್ತನೆಯಾಗದ ಗದ್ದೆಗೆ ಯಾರೂ ನಾಲೆಯ ನೀರು ಬಿಡುವುದಿಲ್ಲ. ಆದ್ದರಿಂದ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿ ಮುಚ್ಚಿದ ತೂಬಿನಂತೆ ಇರುತ್ತವೆ. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಅತ್ತ ಹೋಗುತ್ತದೆ. ಉಳಿದದ್ದು ಎರಡು ಅಡ್ಡದಾರಿಗಳಲ್ಲಿ ಹರಿಯುತ್ತದೆ. ಒಂದು, ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಇರುವ ಚಿಕ್ಕ ಕಿಟಕಿ. ಇನ್ನೊಂದು, ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾನಾಳಕ್ಕೆ ಜೋಡಿಸಿರುವ ಅಡ್ಡನಾಳ.

ಮಗು ಹುಟ್ಟಿದ ಕೂಡಲೇ ಈ ಏರ್ಪಾಡೆಲ್ಲ ಬದಲಾಗಬೇಕು. ಬಳ್ಳಿ ಕತ್ತರಿಸುತ್ತಾರೆ. ಮಗು ಅಳುತ್ತದೆ. ದ್ರವ ಇಂಗಿ ಗಾಳಿ ತುಂಬುತ್ತದೆ. ಆಮ್ಲಜನಕ ತಾಕಿದೊಡನೆ ರಕ್ತನಾಳಗಳ ಒಳಗೋಡೆ ನೈಟ್ರಿಕ್ ಆಕ್ಸೈಡ್ ಮೊದಲಾದ ವಸ್ತುಗಳನ್ನು ಸ್ರವಿಸುತ್ತದೆ, ಬಿಗಿದ ನಾಳಗಳು ಸಡಿಲಗೊಳ್ಳುತ್ತವೆ. ತೂಬು ತೆರೆಯುತ್ತದೆ. ಶ್ವಾಸಕೋಶದಲ್ಲಿ ಹರಿಯುವ ರಕ್ತ ಎಂಟು ಹತ್ತು ಪಟ್ಟು ಹೆಚ್ಚುತ್ತದೆ. ಹೃದಯದ ಕಿಟಕಿಗೆ ಒಳಗಿನಿಂದ ಒಂದು ತೆಳುಪೊರೆ ಕದದಂತೆ ಬಂದು ಆತುಕೊಳ್ಳುತ್ತದೆ. ಅಡ್ಡನಾಳವು ಒಂದೆರಡು, ಹೆಚ್ಚೆಂದರೆ ಮೂರು ದಿನಗಳಲ್ಲಿ ಕುಗ್ಗಿ ಮುಚ್ಚುತ್ತದೆ. ಇದೆಲ್ಲವೂ ತಾಯಿ ಮಗುವಿನ ಮುಖ ನೋಡಿ ನಗುತ್ತಿರುವಾಗ, ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಸೆಮಿನರಿಯಲ್ಲಿ ಓದುವಾಗ ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನ ಮೂಗಿನೊಳಗೆ ಜೀವಶ್ವಾಸ ಊದಿದ ಮಾತನ್ನು ಎಷ್ಟೋ ಬಾರಿ ಧ್ಯಾನಿಸಿದ್ದೆ. ಆ ಚೀಟಿಯ ಚಿತ್ರ ನೋಡಿದ ಮೇಲೆ ಅದನ್ನು ಬೇರೆಯದೇ ರೀತಿಯಲ್ಲಿ ಓದುತ್ತಿದ್ದೇನೆ.

ಕೆಲವು ಮಕ್ಕಳಲ್ಲಿ ಈ ತೂಬು ತೆರೆಯುವುದಿಲ್ಲ, ಅಥವಾ ತೆರೆದು ಮತ್ತೆ ಬಿಗಿಯುತ್ತದೆ. ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಇಳಿಯದೆ ಉಳಿಯುತ್ತದೆ. ಪಿ.ಪಿ.ಎಚ್.ಎನ್. ಎಂದರೆ ಇದೇ. ರಕ್ತ ಹಳೆಯ ಅಡ್ಡದಾರಿಗಳಲ್ಲೇ ಹರಿಯುತ್ತದೆ, ಶ್ವಾಸಕೋಶದ ಹತ್ತಿರ ಸುಳಿಯದೆ, ಆಮ್ಲಜನಕ ಪಡೆಯದೆ ದೇಹ ಸುತ್ತುತ್ತದೆ. ಮಗು ಹೊರಗೆ ಬಂದಿದೆ, ಅದರ ರಕ್ತಸಂಚಾರ ಮಾತ್ರ ಇನ್ನೂ ಗರ್ಭದಲ್ಲೇ ಇದೆ. 1969ರಲ್ಲಿ ಅಮೆರಿಕದ ವೈದ್ಯರು ಈ ಸ್ಥಿತಿಯನ್ನು ಮೊದಲು ಗುರುತಿಸಿ ಬರೆದಾಗ ಅದನ್ನು 'ಮುಂದುವರಿದ ಭ್ರೂಣ ರಕ್ತಸಂಚಾರ' ಎಂದೇ ಕರೆದಿದ್ದರು. ಜೀವಂತವಾಗಿ ಹುಟ್ಟುವ 1000 ಮಕ್ಕಳಲ್ಲಿ ಸುಮಾರು 2 ಮಕ್ಕಳಿಗೆ ಇದು ಬರುತ್ತದೆ. ಬಹಳಷ್ಟು ಸಲ ತಿಂಗಳು ತುಂಬಿದ, ನೋಡಲು ಮೈಕೈ ತುಂಬಿಕೊಂಡ ಮಕ್ಕಳಿಗೇ ಬರುತ್ತದೆ. ನಾನು ಮೋಸಹೋದದ್ದು ಅಲ್ಲಿಯೇ.

ಇದರಲ್ಲೊಂದು ವಿಷಚಕ್ರವಿದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಶ್ವಾಸಕೋಶದ ನಾಳಗಳು ಇನ್ನಷ್ಟು ಬಿಗಿಯುತ್ತವೆ. ಬಿಗಿದಷ್ಟೂ ಆಮ್ಲಜನಕ ಇನ್ನೂ ಇಳಿಯುತ್ತದೆ. ಚಳಿ, ನೋವು, ಗದ್ದಲ, ಮಗು ರಚ್ಚೆಹಿಡಿದು ಅಳುವುದು, ಇವೂ ಸಾಕು ನಾಳಗಳು ಬಿಗಿಯಲು. ಆದಕಾರಣವೇ ನರ್ಸುಗಳು ಮುಟ್ಟಬೇಡಿ, ಮಾತಾಡಿಸಬೇಡಿ, ಗುಂಪಾಗಿ ನಿಲ್ಲಬೇಡಿ ಎಂದು ಗದರುವುದು. ನಮ್ಮವರು ಅದನ್ನು ದರ್ಪವೆಂದು ತಿಳಿದು ಜಗಳಕ್ಕೆ ನಿಲ್ಲುತ್ತಾರೆ. ಗದರುವ ನರ್ಸು ಆ ಹೊತ್ತಿನಲ್ಲಿ ಮಗುವಿಗೆ ಔಷಧ ಕೊಡುತ್ತಿದ್ದಾಳೆ ಎಂದು ತಿಳಿಯಿರಿ.

ಮಗುವಿನ ಬಲಗೈಗೆ ಒಂದು, ಕಾಲಿಗೆ ಒಂದು ಎಂದು ಎರಡು ತಂತಿ ಕಟ್ಟಿರುವುದನ್ನು ನೋಡಿ ಹಲವರು ಗಾಬರಿಪಡುತ್ತಾರೆ. ಮಹಾನಾಳದಿಂದ ಬಲಗೈಗೆ ಹೋಗುವ ಕವಲು ಅಡ್ಡನಾಳ ಬಂದು ಸೇರುವುದಕ್ಕೆ ಮುಂಚೆಯೇ ಹೊರಡುತ್ತದೆ. ಕಾಲಿಗೆ ಹೋಗುವುದು ಸೇರಿದ ನಂತರದ ರಕ್ತ. ಕೈಯಲ್ಲಿ 95, ಕಾಲಿನಲ್ಲಿ 82 ಎಂದು ಯಂತ್ರ ತೋರಿಸಿದರೆ ಆಮ್ಲಜನಕವಿಲ್ಲದ ರಕ್ತ ಅಡ್ಡನಾಳದಲ್ಲಿ ನುಗ್ಗುತ್ತಿದೆ ಎಂದು ವೈದ್ಯರು ಊಹಿಸುತ್ತಾರೆ. ಹೃದಯದ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಎಲ್ಲ ಮಕ್ಕಳಲ್ಲೂ ಈ ಅಂತರ ಕಾಣಿಸಬೇಕೆಂದೇನಿಲ್ಲ.

ಯಾರ ತಪ್ಪು?

ಆ ಮಗುವಿನ ತಾಯಿಯನ್ನು ಎರಡು ದಿನ ಬಿಟ್ಟು ಕಂಡೆ. ಹೊಟ್ಟೆಯ ಹೊಲಿಗೆ ಮಾಯುವ ಮುಂಚೆ, ಮಗುವಿನ ಮುಖವನ್ನೇ ಸರಿಯಾಗಿ ನೋಡದೆ, ಬೇರೆ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. "ನಾನೇನು ಪಾಪ ಮಾಡಿದ್ದೆ ಫಾದರ್?" ಎಂದಳು. ಅವಳ ಕಿವಿಗೆ ಆಗಲೇ ಬಿದ್ದಿದ್ದ ಮಾತುಗಳು ಬೇರೆ: ಗ್ರಹಣದ ದಿನ ಹೊರಗೆ ಬಂದಳಂತೆ, ಸೊಸೆಯ ಕಾಲ್ಗುಣ ಸರಿಯಿಲ್ಲವಂತೆ. ಕಾಲ್ಗುಣ! ಜ್ಞಾನಸ್ನಾನ ಪಡೆದ ನಾಲಗೆಗಳಲ್ಲಿ ಈ ಪದ ಇನ್ನೂ ಉಳಿದಿದೆ. ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯವನ್ನು ತೆರೆದು ನೋಡಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ, ಇವನ ತಂದೆತಾಯಿಯದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಉತ್ತರ ಕೊಟ್ಟು ಸುಮ್ಮನಾಗದೆ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುತ್ತಾರೆ.

ಕಾರಣಗಳು ಇಲ್ಲವೆಂದಲ್ಲ, ಇವೆ. ಹೆರಿಗೆಯ ಸಮಯದಲ್ಲಿ ಮಗು ತನ್ನ ಮೊದಲ ಮಲವನ್ನು ವಿಸರ್ಜಿಸಿ ಅದನ್ನೇ ಉಸಿರಿನೊಂದಿಗೆ ಒಳಗೆಳೆದುಕೊಳ್ಳುವುದು ಮುಖ್ಯ ಕಾರಣಗಳಲ್ಲಿ ಒಂದು. ಸೋಂಕು, ನ್ಯುಮೋನಿಯಾ, ಹುಟ್ಟುವಾಗ ಉಸಿರುಕಟ್ಟುವುದು, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿ ತೂತಿದ್ದು ಕರುಳು ಮೇಲೆ ಸರಿದು ಶ್ವಾಸಕೋಶ ಬೆಳೆಯದಿರುವುದು, ತಾಯಿಯ ಸಕ್ಕರೆ ಕಾಯಿಲೆ, ಇವೂ ಸೇರುತ್ತವೆ. ಕೆಲವೊಮ್ಮೆ ಯಾವ ಕಾರಣವೂ ಸಿಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಬಸುರಿ ಹೆಂಗಸು ಬೇಕೆಂದು ತಂದುಕೊಂಡದ್ದಲ್ಲ.

ಆದರೂ ಮನೆಯವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೈಕೈ ನೋವೆಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ತಂದು ಬಸುರಿಯ ಕೊನೆಯ ತಿಂಗಳುಗಳಲ್ಲಿ ನುಂಗಿಸಬಾರದು. ನಾನು ಹೇಳಿದ ಆ ಅಡ್ಡನಾಳವನ್ನು ಗರ್ಭದಲ್ಲೇ, ಕಾಲಕ್ಕೆ ಮುಂಚೆ ಕುಗ್ಗಿಸುವ ಶಕ್ತಿ ಅವಕ್ಕಿದೆ. ಎರಡನೆಯದು ದಿನ ನಿಶ್ಚಯಿಸಿ ಮಾಡಿಸುವ ಸಿಸೇರಿಯನ್. ವೈದ್ಯಕೀಯ ಅಗತ್ಯವಿದ್ದರೆ ಆ ಶಸ್ತ್ರಚಿಕಿತ್ಸೆ ತಾಯಿ ಮಗು ಇಬ್ಬರ ಪ್ರಾಣ ಉಳಿಸುತ್ತದೆ, ಅದರ ಬಗ್ಗೆ ಮಾತಿಲ್ಲ. ಆದರೆ 39 ವಾರ ತುಂಬುವ ಮುನ್ನ, ಹೆರಿಗೆ ನೋವು ಶುರುವಾಗದೆ, ಅನುಕೂಲಕ್ಕೆಂದು ಮಾಡಿಸಿದರೆ ಮಗುವಿಗೆ ಈ ತೊಂದರೆಯ ಸಂಭವ ಹೆಚ್ಚುತ್ತದೆ. ನಾವು ಕ್ರೈಸ್ತರು, ಮುಹೂರ್ತ ನೋಡುವವರಲ್ಲ ಎನ್ನುತ್ತೇವೆ. ಆದರೆ ಸೆಪ್ಟೆಂಬರ್ 8ರಂದು ಮಾತೆಯ ಹಬ್ಬಕ್ಕೇ ಮಗು ಹುಟ್ಟಲಿ ಎಂದು ವೈದ್ಯರನ್ನು ಕಾಡಿದ ಮನೆಯವರನ್ನು ನಾನು ಬಲ್ಲೆ. ಮರಿಯಮ್ಮನವರು ಇದನ್ನು ಕೇಳಿಲ್ಲ.

ಯಂತ್ರ ಮತ್ತು ಔಷಧ

ಚಿಕಿತ್ಸೆಯ ಮೊದಲ ಗುರಿ ಆ ವಿಷಚಕ್ರವನ್ನು ಮುರಿಯುವುದು. ಮಗುವನ್ನು ಬೆಚ್ಚಗಿಡುವುದು, ಸದ್ದಿಲ್ಲದಂತೆ ನೋಡಿಕೊಳ್ಳುವುದು, ಆಮ್ಲಜನಕ ಕೊಡುವುದು, ಬೇಕಾದರೆ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸುವುದು, ರಕ್ತದ ಒತ್ತಡ ಬೀಳದಂತೆ ಕಾಯುವುದು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ ಔಷಧಗಳಲ್ಲಿ ಸಿಲ್ಡೆನಾಫಿಲ್ ಒಂದು. ಅದು ಲೋಕದಲ್ಲಿ ಬೇರೊಂದು ಕಾರಣಕ್ಕೆ ಹೆಸರಾಗಿದೆ. ಔಷಧ ಚೀಟಿ ಓದಿ ಮುಜುಗರಪಟ್ಟವರೂ, ವೈದ್ಯರನ್ನೇ ಸಂಶಯಿಸಿದವರೂ ಇದ್ದಾರೆ. ರಕ್ತನಾಳವನ್ನು ಸಡಿಲಿಸುವುದು ಅದರ ಕೆಲಸ, ಇಲ್ಲಿ ಬೇಕಾದದ್ದೂ ಅದೇ. ಅಗ್ಗವಾದ್ದರಿಂದ ಬಡವರ ಮಕ್ಕಳಿಗೆ ಅದೊಂದು ವರ.

ಇನ್ನೊಂದು ನೈಟ್ರಿಕ್ ಆಕ್ಸೈಡ್ ಅನಿಲ. ವಾಹನದ ಹೊಗೆಯಲ್ಲಿ ಬರುವ, ನಾವು ವಿಷವೆಂದು ತಿಳಿದ ಅನಿಲವೇ ಇದು. ದೇಹದ ರಕ್ತನಾಳಗಳು ತಾವೇ ಇದನ್ನು ತಯಾರಿಸಿ ಸಡಿಲಗೊಳ್ಳುತ್ತವೆ ಎಂದು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿದ್ ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮರುವರ್ಷವೇ ಅಮೆರಿಕದಲ್ಲಿ ಇದನ್ನು ನವಜಾತ ಶಿಶುಗಳ ಚಿಕಿತ್ಸೆಗೆ ಅಂಗೀಕರಿಸಿದರು. ಉಸಿರಿನ ಗಾಳಿಯ ಹತ್ತು ಲಕ್ಷ ಪಾಲಿಗೆ 20 ಪಾಲು ಬೆರೆಸಿದರೆ ಸಾಕು. ಅದಕ್ಕೂ ಬಗ್ಗದ ಮಕ್ಕಳಿಗೆ ಎಕ್ಮೋ ಎಂಬ ಯಂತ್ರವಿದೆ. ಅದು ರಕ್ತವನ್ನು ದೇಹದಿಂದ ಹೊರಗೆ ಹರಿಸಿ, ಆಮ್ಲಜನಕ ಸೇರಿಸಿ, ಮತ್ತೆ ಒಳಗೆ ಬಿಡುತ್ತದೆ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾ. ರಾಬರ್ಟ್ ಬಾರ್ಟ್ಲೆಟ್ ಇದನ್ನು ಒಂದು ಹೆಣ್ಣುಶಿಶುವಿನ ಮೇಲೆ ಪ್ರಯೋಗಿಸಿದರು. ಮೆಕ್ಸಿಕೋದಿಂದ ಗಡಿದಾಟಿ ಬಂದ ಬಡ ತಾಯಿಯ ಮಗು ಅದು. ಮೊದಲ ಮಲವನ್ನು ಒಳಗೆಳೆದುಕೊಂಡು ಶ್ವಾಸಕೋಶದ ಒತ್ತಡ ಏರಿ ಸಾಯುವ ಸ್ಥಿತಿಯಲ್ಲಿತ್ತು. ನರ್ಸುಗಳು ಅದಕ್ಕೆ ಎಸ್ಪೆರಾನ್ಸಾ ಎಂದು ಹೆಸರಿಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ಭರವಸೆ. ಮಗು ಬದುಕಿತು. ಎಕ್ಮೋದಿಂದ ಉಳಿದ ಮೊದಲ ನವಜಾತ ಶಿಶು ಅದು.

ಈ ಸೌಲಭ್ಯಗಳೆಲ್ಲ ಇರುವೆಡೆ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಉಳಿಯುತ್ತವೆ. ಇಲ್ಲದೆಡೆ ಸಾವು ಹೆಚ್ಚು. ನಮ್ಮಲ್ಲಿ ಎಕ್ಮೋ ಇರುವುದು ಬೆರಳೆಣಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ. ಆದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕಗಳಿವೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಸಾಗಣೆ ಉಚಿತ. 108ಕ್ಕೆ ಫೋನ್ ಮಾಡಲು ಯಾರ ಶಿಫಾರಸೂ ಬೇಡ. ಹುಟ್ಟಿದ ಮಗುವಿನ ತುಟಿ, ನಾಲಗೆ ನೀಲಿಯಾದರೆ, ಉಸಿರು ಮೇಲುಮೇಲಾಗಿ ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆದರೆ, ಮೊಲೆ ಕುಡಿಯದೆ ನರಳಿದರೆ, ಬಿಸಿನೀರಿನ ಸ್ನಾನ ಮಾಡಿಸುತ್ತ, ಹರಕೆ ಹೊರುತ್ತ ಕೂರಬೇಡಿ. ಹರಕೆಯನ್ನು ಆಂಬುಲೆನ್ಸಿನಲ್ಲಿ ಹೋಗುತ್ತಲೂ ಹೊರಬಹುದು. ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನೂ ಔಷಧವನ್ನೂ ದೇವರೇ ಸೃಷ್ಟಿಸಿದರೆಂದು ಕಲಿಸುತ್ತದೆ. ರೋಗಿಯು ಪ್ರಾರ್ಥಿಸಬೇಕು, ವೈದ್ಯನಿಗೂ ಎಡೆಮಾಡಿಕೊಡಬೇಕು ಎಂಬುದು ಅದರ ಕ್ರಮ.

ಎಲ್ಲಿಯವರೆಗೆ?

ಹಣದ ಮಾತು ಬಂದೇ ಬರುತ್ತದೆ. ಖಾಸಗಿ ಆಸ್ಪತ್ರೆಯಾದರೆ ಎರಡನೇ ದಿನಕ್ಕೇ ಮನೆಯ ಹಿರಿಯರು ಮೂಲೆಯಲ್ಲಿ ಸೇರಿ, ಯಂತ್ರದ ಮೇಲೆ ಎಷ್ಟು ದಿನ ಇಡುವುದು ಎಂದು ಪಿಸುಗುಟ್ಟುತ್ತಾರೆ. ಅವರನ್ನು ನಿಂದಿಸಲಾರೆ. ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಿದೆ. 1957ರ ನವೆಂಬರ್ 24ರಂದು ಪೋಪ್ ಹನ್ನೆರಡನೇ ಪಯಸ್ ಅವರು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತಾಡುವಾಗ ಕೃತಕ ಉಸಿರಾಟದ ಪ್ರಶ್ನೆಯನ್ನೇ ಎತ್ತಿಕೊಂಡರು. ಪ್ರಾಣ ಉಳಿಸಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ. ತನಗೋ ಇತರರಿಗೋ ಹೊರಲಾರದ ಭಾರವಾಗುವ ಅಸಾಮಾನ್ಯ ಸಾಧನಗಳಿಗೆ ಯಾರೂ ಬದ್ಧರಲ್ಲ ಎಂಬುದು ಅವರ ಬೋಧನೆಯ ಸಾರ. ಯಾವುದು ಸಾಮಾನ್ಯ, ಯಾವುದು ಅಸಾಮಾನ್ಯ ಎಂಬುದು ವ್ಯಕ್ತಿ, ಸ್ಥಳ, ಕಾಲ ನೋಡಿ ನಿರ್ಧಾರವಾಗಬೇಕು. ಯಂತ್ರದ ಹೆಸರು ನೋಡಿ ನಿರ್ಧರಿಸುವಂಥದ್ದಲ್ಲ.

ಈ ಕಾಯಿಲೆಯ ವಿಷಯದಲ್ಲಿ ಒಂದು ಮಾತನ್ನು ನೆನಪಿಡಬೇಕು. ಹೆಚ್ಚಿನ ಮಕ್ಕಳಲ್ಲಿ ಇದು ತಾತ್ಕಾಲಿಕ. ಕೆಲವು ದಿನ, ಒಂದೆರಡು ವಾರ ದಾಟಿಸಿದರೆ ನಾಳಗಳು ಸಡಿಲಗೊಂಡು ಮಗು ತಾನೇ ಉಸಿರಾಡುತ್ತದೆ. ಇಲ್ಲಿ ಯಂತ್ರವೆಂದರೆ ಮಲೆನಾಡಿನ ಕಾಲುಸಂಕದ ಹಾಗೆ, ಹಳ್ಳದ ನೀರು ಇಳಿಯುವವರೆಗಿನ ದಾರಿ. ಚೇತರಿಸಿಕೊಳ್ಳುವ ಸಂಭವ ಚೆನ್ನಾಗಿರುವ ಮಗುವನ್ನು ಎರಡನೇ ದಿನ, ಬರೀ ಭಯದಿಂದ, "ಮನೆಗೆ ಕರೆದುಕೊಂಡು ಹೋಗ್ತೀವಿ" ಎಂದು ಸಹಿ ಮಾಡಿ ಎತ್ತಿಕೊಂಡು ಬರುವುದು ಸರಿಯಲ್ಲ. ಸರ್ಕಾರಿ ಘಟಕಕ್ಕೆ ವರ್ಗಾಯಿಸಲು ಆಗುತ್ತದೆಯೇ ಎಂದು ಮೊದಲು ಕೇಳಿ. ನಿಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಸುದ್ದಿ ಮುಟ್ಟಿಸಿ. ಹಬ್ಬದ ಪಟಾಕಿಗೆ ಕೂಡಿಸುವ ಹಣ ಇಂಥದ್ದಕ್ಕೆ ಕೂಡುವುದಿಲ್ಲವೆಂದರೆ ನಾವು ಗುರುಗಳೂ ಉತ್ತರ ಹೇಳಬೇಕು.

ಆದರೆ ಕೆಲವು ಮಕ್ಕಳ ಶ್ವಾಸಕೋಶದ ರಚನೆಯೇ ಬದುಕಿಗೆ ಸಾಲದಷ್ಟು ಅಪೂರ್ಣವಾಗಿರುತ್ತದೆ. ಎಲ್ಲವನ್ನೂ ಮಾಡಿಯಾದ ಮೇಲೆ ವೈದ್ಯರು, ಇನ್ನು ಯಂತ್ರ ಸಾವನ್ನು ಎಳೆಯುತ್ತದೆಯೇ ಹೊರತು ಮಗುವನ್ನು ಉಳಿಸುವುದಿಲ್ಲ ಎಂದರೆ, ನಿಲ್ಲಿಸಲು ಒಪ್ಪುವ ತಂದೆತಾಯಿ ಕೊಲೆಗಾರರಲ್ಲ. ಆಗಲೂ ಬೆಚ್ಚಗಿನ ಬಟ್ಟೆ, ನೋವು ನಿವಾರಣೆ, ತಾಯಿಯ ತೋಳು ಇವು ಕೊನೆಯವರೆಗೆ ಮಗುವಿನ ಹಕ್ಕು. ಇನ್ನು ಮುಟ್ಟಬಹುದೇ ಎಂದು ನರ್ಸನ್ನು ಕೇಳಿ. ಆ ಹೊತ್ತಿನಲ್ಲಿ ಅವರು ಬೇಡವೆನ್ನುವುದಿಲ್ಲ.

ಮೂರು ಹನಿ ನೀರು

ಈಗ ಜ್ಞಾನಸ್ನಾನದ ಮಾತಿಗೆ ಬರುತ್ತೇನೆ. ಮಗು ಪ್ರಾಣಾಪಾಯದಲ್ಲಿದ್ದರೆ ತಡಮಾಡದೆ ಜ್ಞಾನಸ್ನಾನ ಕೊಡಬೇಕು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 867ನೇ ವಿಧಿ ಹೇಳುತ್ತದೆ. ತಡಮಾಡದೆ ಎಂದರೆ ಚಿಕಿತ್ಸೆ ಮುಗಿದ ಮೇಲೆ ಎಂದಲ್ಲ, ಚಿಕಿತ್ಸೆಯ ಬದಲು ಎಂದೂ ಅಲ್ಲ. ಎರಡೂ ಒಟ್ಟಿಗೆ. ಕೃಪೆಯು ಪ್ರಕೃತಿಗೆ ಪ್ರತಿಸ್ಪರ್ಧಿಯಲ್ಲ ಎಂದು ಸಂತ ಥಾಮಸ್ ಅಕ್ವಿನಾಸರಿಂದ ನಾವು ಕಲಿತಿದ್ದೇವೆ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ದಂಪತಿಗೆ ತಿಂಗಳು ತುಂಬುವ ಮುನ್ನ ಗಂಡುಮಗು ಹುಟ್ಟಿತು, ತೂಕ ಸುಮಾರು 2.1 ಕಿಲೋ. ಅದರದು ಬೇರೆ ಶ್ವಾಸಕೋಶದ ಕಾಯಿಲೆ. ಸೇನಾ ಆಸ್ಪತ್ರೆಯ ಗುರುಗಳಿಂದ ಕೂಡಲೇ ಜ್ಞಾನಸ್ನಾನ ಕೊಡಿಸಿ ಪ್ಯಾಟ್ರಿಕ್ ಎಂದು ಹೆಸರಿಟ್ಟರು. ಅದೇ ದಿನ ಮಗುವನ್ನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಸಾಗಿಸಿ, ಆ ಕಾಲದಲ್ಲಿ ತಿಳಿದಿದ್ದ ಎಲ್ಲ ಚಿಕಿತ್ಸೆಯನ್ನೂ ಮಾಡಿಸಿದರು. ಮಗು ಉಳಿದದ್ದು 39 ಗಂಟೆ. ಜ್ಞಾನಸ್ನಾನ ಕೊಡಿಸಿದವರು ಆಸೆ ಬಿಟ್ಟಿರಲಿಲ್ಲ.

ತುರ್ತು ಸಮಯದಲ್ಲಿ ಗುರುಗಳೇ ಬೇಕೆಂದಿಲ್ಲ. 861ನೇ ವಿಧಿಯಂತೆ ಯಾರು ಬೇಕಾದರೂ ಕೊಡಬಹುದು. ತಾನು ಕ್ರೈಸ್ತನಲ್ಲದವನೂ, ಧರ್ಮಸಭೆ ಏನು ಮಾಡುತ್ತದೋ ಅದನ್ನು ಮಾಡುವ ಉದ್ದೇಶವಿದ್ದರೆ, ಕೊಡಬಹುದು. ಶುದ್ಧ ನೀರನ್ನು ಮಗುವಿನ ತಲೆಯ ಮೇಲೆ ಹರಿಯುವಂತೆ ಮೂರು ಬಾರಿ ಸುರಿಯುತ್ತ, ಸುರಿಯುವವರೇ ಹೇಳಬೇಕು: ಮಗುವಿನ ಹೆಸರು, ಆಮೇಲೆ "ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ." 'ನಾನು' ಎಂಬುದನ್ನು 'ನಾವು' ಎಂದು ಬದಲಿಸಬಾರದು. ಹಾಗೆ ಬದಲಿಸಿ ಕೊಟ್ಟ ಜ್ಞಾನಸ್ನಾನ ಸಿಂಧುವಲ್ಲ ಎಂದು ರೋಮ್ 2020ರ ಆಗಸ್ಟಿನಲ್ಲಿ ಪ್ರಕಟಿಸಿತು. ಜ್ಞಾನತಂದೆ, ಜ್ಞಾನತಾಯಿ ಇಲ್ಲದಿದ್ದರೂ ನಡೆಯುತ್ತದೆ. ತಂದೆ ತಾಯಿಯರಲ್ಲಿ ಒಬ್ಬರು ಒಪ್ಪಿರಬೇಕೆಂಬುದು ಪ್ರಾಣಾಪಾಯವಿಲ್ಲದ ಸಂದರ್ಭದ ನಿಯಮ.

ಶಿಶು ಘಟಕದಲ್ಲಿ ಮೇಣದಬತ್ತಿ ಹಚ್ಚುವಂತಿಲ್ಲ, ಅಲ್ಲಿ ಆಮ್ಲಜನಕ ಹರಿಯುತ್ತಿರುತ್ತದೆ. ಗುಂಪು ಬೇಡ, ಹಾಡು ಬೇಡ. ಕೈ ತೊಳೆದು, ಉಂಗುರ ಬಳೆ ತೆಗೆದು, ನರ್ಸನ್ನು ಕೇಳಿ ಅವರಲ್ಲಿರುವ ಶುದ್ಧೀಕರಿಸಿದ ನೀರನ್ನೇ ಸ್ವಲ್ಪ ಬೆಚ್ಚಗೆ ಮಾಡಿ ಸಿರಿಂಜಿನಿಂದ ಹಣೆಯ ಮೇಲೆ ಹರಿಸಬಹುದು. ತಣ್ಣೀರು ತಾಕಿ ಮಗು ಬೆಚ್ಚಿಬಿದ್ದರೆ ಏನಾದೀತೆಂದು ಮೇಲೆ ಓದಿದ್ದೀರಿ. ಕೆಲವರು ಶಿಶುವಿಗೆ 'ಅವಸ್ಥೆ' ಕೊಡಿ ಎಂದು ಕೇಳುತ್ತಾರೆ. ವ್ಯಾಧಿಸ್ಥರ ಅಭ್ಯಂಗ ಬುದ್ಧಿ ತಿಳಿದವರಿಗೆ, ಹಸುಳೆಗಲ್ಲ. ಪ್ರಾಣಾಪಾಯವಿದ್ದರೆ ಗುರುಗಳು ದೃಢೀಕರಣ ಸಂಸ್ಕಾರವನ್ನು ಕೊಡಬಹುದು.

ನೀರು ತಲುಪುವ ಮುನ್ನವೇ ಮಗು ತೀರಿಕೊಂಡರೆ? ಈ ಸಾಲುಗಳನ್ನು ಓದುತ್ತಿರುವವರಲ್ಲಿ ಅಂಥ ತಾಯಂದಿರಿದ್ದಾರೆ, ನನಗೆ ಗೊತ್ತು. ಕೆಲವರು ಮೂವತ್ತು ವರ್ಷಗಳಿಂದ ಇದನ್ನು ಎದೆಯಲ್ಲಿಟ್ಟುಕೊಂಡಿದ್ದಾರೆ. ಲಿಂಬೋ ಎಂಬುದು ದೈವಶಾಸ್ತ್ರಜ್ಞರ ಅಭಿಪ್ರಾಯವಾಗಿತ್ತೇ ಹೊರತು ಎಂದೂ ವಿಶ್ವಾಸದ ಸತ್ಯವೆಂದು ಘೋಷಿತವಾಗಿರಲಿಲ್ಲ. ಇಂಥ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ ಎಂದು 1992ರ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಪೋಪ್ ಹದಿನಾರನೇ ಬೆನೆಡಿಕ್ಟರ ಅನುಮತಿಯಿಂದ 2007ರಲ್ಲಿ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ ಪ್ರಕಟಿಸಿದ ಅಧ್ಯಯನವು, ಆ ಮಕ್ಕಳು ರಕ್ಷಣೆ ಹೊಂದುತ್ತಾರೆಂದು ನಿರೀಕ್ಷಿಸಲು ಗಂಭೀರ ಆಧಾರಗಳಿವೆ ಎಂದಿತು. ಬೆತ್ಲೆಹೇಮಿನಲ್ಲಿ ಹೆರೋದನು ಕೊಲ್ಲಿಸಿದ ಹಸುಳೆಗಳಿಗೆ ಯಾರು ಜ್ಞಾನಸ್ನಾನ ಕೊಟ್ಟಿದ್ದರು? ಡಿಸೆಂಬರ್ 28ರಂದು ಅವರನ್ನು ಸಂತರೆಂದೇ ಸ್ಮರಿಸುತ್ತೇವೆ. ಇನ್ನೊಂದು ವಿಷಯ. ಜ್ಞಾನಸ್ನಾನ ಕೊಡಿಸಬೇಕೆಂದಿದ್ದ ತಂದೆತಾಯಿಯ ಮಗು ಅದಕ್ಕೆ ಮುಂಚೆ ತೀರಿಕೊಂಡರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ವಿಧಿಯಂತೆಯೇ ಅಂತ್ಯಕ್ರಿಯೆ ನಡೆಸಬಹುದು. 1183ನೇ ವಿಧಿ ಅದಕ್ಕೆ ಅವಕಾಶ ಕೊಡುತ್ತದೆ. ರಾತ್ರೋರಾತ್ರಿ ತೋಟದ ಮೂಲೆಯಲ್ಲಿ ಹೂಳಬೇಕಿಲ್ಲ. ಗುರುಗಳನ್ನು ಕೇಳಿ.

ನಾನು ರಾತ್ರಿ ಒಂಬತ್ತೂವರೆಗೆ ತಲುಪಿದೆನಷ್ಟೆ. ಸಂಜೆ ಏಳರ ಹೊತ್ತಿಗೆ ಮಗುವಿನ ಆಮ್ಲಜನಕ ತೀರಾ ಕುಸಿದಿತ್ತಂತೆ. ತಂದೆಯನ್ನು ಒಳಗೆ ಬಿಡುವಂತಿರಲಿಲ್ಲ. ಅವನು ಚರ್ಚಿನ ಉಪದೇಶಿಗೆ ಫೋನ್ ಮಾಡಿ, ಅವರು ಹೇಳಿಕೊಟ್ಟ ವಾಕ್ಯವನ್ನು ಒಂದು ಔಷಧ ಚೀಟಿಯ ಹಿಂಬದಿಯಲ್ಲಿ ಬರೆದು, ಬಾಗಿಲಲ್ಲಿದ್ದ ಸ್ಟಾಫ್ ನರ್ಸಿನ ಕೈಗೆ ಕೊಟ್ಟು, ಹೇಗೆ ಮಾಡಬೇಕೆಂದು ಹೇಳಿದ. ಆಕೆ ಹಿಂದೂ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. "ನಾನು ಮಾಡಬಹುದಾ?" ಎಂದು ಕೇಳಿದಳಂತೆ. ಮಾಡಿದಳು. ನಾನು ಬಂದಾಗ ಅಜ್ಜಿ, "ಸ್ವಾಮ್ಯೋರೆ, ಅದು ನಡೆಯತ್ತಾ? ನೀವೊಂದ್ಸಲ ಕೊಟ್ಟುಬಿಡಿ" ಎಂದರು. ಆ ನರ್ಸನ್ನು ಕರೆದು ವಿಚಾರಿಸಿದೆ. ನೀರು ಹರಿದಿತ್ತೇ, ಸುರಿಯುತ್ತಲೇ ಓದಿದಿರಾ, ಏನೆಂದು ಓದಿದಿರಿ? ಆಕೆ ಸಮವಸ್ತ್ರದ ಜೇಬಿನಿಂದ ಚೀಟಿ ತೆಗೆದು ಮತ್ತೊಮ್ಮೆ ಓದಿದಳು. ಒಂದಕ್ಷರ ಬದಲಾಗಿರಲಿಲ್ಲ. ಜ್ಞಾನಸ್ನಾನ ಒಮ್ಮೆ ಮಾತ್ರ, ಅದು ಆಗಿದೆ ಎಂದು ಅಜ್ಜಿಗೆ ಹೇಳಿದೆ. ನನ್ನ ಕೈಚೀಲದ ನೀರು, ಎಣ್ಣೆ ಚೀಲದಲ್ಲೇ ಉಳಿದವು.

ಮಗು ಏಳನೇ ದಿನ ಯಂತ್ರದಿಂದ ಹೊರಬಂತು, ಮೂರನೇ ವಾರ ಮನೆಗೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಕಿವಿ ಕೇಳಿಸುವುದರಲ್ಲಿ, ಬೆಳವಣಿಗೆಯಲ್ಲಿ ತೊಂದರೆ ಕಾಣಿಸಬಹುದು. ಆದ್ದರಿಂದ ವೈದ್ಯರು ಹೇಳಿದ ದಿನಗಳಂದು ತಪ್ಪದೆ ತಪಾಸಣೆಗೆ ಹೋಗಬೇಕು, ಕಿವಿಯ ಪರೀಕ್ಷೆ ಮಾಡಿಸಬೇಕು. ಈ ಹುಡುಗನ ಕಿವಿ ಚುರುಕಾಗಿದೆ. ಪೂಜೆಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಮುಂದಿನ ಬೆಂಚಿನಿಂದ ಕೂಗುತ್ತಾನೆ.

ತುರ್ತಿನಲ್ಲಿ ಜ್ಞಾನಸ್ನಾನವಾದ ಮಗು ಗುಣವಾದ ಮೇಲೆ ದೇವಾಲಯಕ್ಕೆ ಕರೆತಂದು ಉಳಿದ ವಿಧಿಗಳನ್ನು ಪೂರೈಸಬೇಕು: ಪವಿತ್ರ ತೈಲದ ಲೇಪನ, ಬಿಳಿವಸ್ತ್ರ, ಬೆಳಗುವ ಬತ್ತಿ, ಜ್ಞಾನತಂದೆ ತಾಯಿಯರು. ನೀರು ಮಾತ್ರ ಮತ್ತೆ ಸುರಿಯುವುದಿಲ್ಲ. ಬರುವಾಗ ಜನನ ಪ್ರಮಾಣಪತ್ರ, ಜ್ಞಾನಸ್ನಾನ ಕೊಟ್ಟವರ ಹೆಸರು, ದಿನಾಂಕ, ಸ್ಥಳ, ಸಾಧ್ಯವಾದರೆ ನೋಡಿದ ಒಬ್ಬ ಸಾಕ್ಷಿಯ ವಿವರ ತನ್ನಿ. ದಾಖಲೆ ಪುಸ್ತಕದಲ್ಲಿ ಬರೆಯಲು ಇವು ಬೇಕು. ನಮ್ಮ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ, ಜ್ಞಾನಸ್ನಾನ ಕೊಟ್ಟವರು ಎಂಬಲ್ಲಿ ಆ ನರ್ಸಿನ ಹೆಸರಿದೆ. ಚೀಟಿಯನ್ನು ಆಕೆಯಿಂದ ಕೇಳಿ ಪಡೆದು ಅದೇ ಪುಟಕ್ಕೆ ಅಂಟಿಸಿದ್ದೇನೆ.